ನಮ್ಮ ಗಿಂತ, ಅವರ ದ್ಯಾನ್

ಕನ್ನಡದಲ್ಲಿ ಹೋಲಿಸಿ ಮಾತಾಡಲು ‘ಗಿಂತ’ ಒಂದಿದ್ದರೆ ಬಹುಪಾಲು ಕೆಲಸ ಆಗಿಹೋಗುತ್ತದೆ. ಬಳ್ಳಾರಿಗಿಂತ ಮಡಿಕೇರಿ ತಂಪು. ಅಣ್ಣನಿಗಿಂತ ತಮ್ಮ ಎತ್ತರ. ಜ್ವರ ಬಿಟ್ಟವರನ್ನು ಹೇಗಿದ್ದೀರಿ ಎಂದು ಕೇಳಿದರೆ, ನಿನ್ನೆಗಿಂತ ಇವತ್ತು ವಾಸಿ ಅನ್ನುತ್ತಾರೆ. ತಂಪು ತಂಪಾಗಿಯೇ ಉಳಿಯುತ್ತದೆ, ಎತ್ತರ ಎತ್ತರವಾಗಿಯೇ ಉಳಿಯುತ್ತದೆ. ಗುಣ ಹೇಳುವ ಪದವನ್ನು ನಾವು ಮುಟ್ಟುವುದೇ ಇಲ್ಲ. ಯಾರ ಜೊತೆ ಹೋಲಿಸುತ್ತಿದ್ದೇವೋ ಅವರ ಹೆಸರಿಗೆ ಗಿಂತ ಅಂಟಿಸಿದರೆ ಮಾತು ಮುಗಿಯಿತು.

ಇಂಗ್ಲಿಷ್ ಹಾಗಲ್ಲ. ಅಲ್ಲಿ ಟಾಲ್ ಎನ್ನುವುದು ಮೊದಲು ಟಾಲರ್ ಆಗಬೇಕು, ಆಮೇಲೆ ದ್ಯಾನ್ ಬರಬೇಕು. ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಸುಪೀರಿಯರ್ ಬಂದಾಗ ದ್ಯಾನ್ ಬಿಟ್ಟು ಟು ಹಾಕಬೇಕು. ಡಿಫರೆಂಟ್ ಬಂದರೆ ಫ್ರಮ್. ಸೇಮ್ ಬಂದರೆ ಆ್ಯಸ್. ಐಡೆಂಟಿಕಲ್ ಬಂದರೆ ಟು ಅಥವಾ ವಿತ್. ಲೈಕ್ ಬಂದರೆ ಏನೂ ಬೇಡ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾವು ಇದನ್ನೆಲ್ಲ ಬೋರ್ಡಿನ ಮೇಲೆ ಪಟ್ಟಿ ಮಾಡಿ ಬರೆಯುತ್ತೇವೆ. ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಈ ಪುಟ್ಟ ಪದಗಳ ಮೇಲೆ ನನಗೆ ಬಹಳ ಕಾಲದ ಪ್ರೀತಿ. ಇವು ಮನಬಂದಲ್ಲಿ ಬಂದು ಕೂತವಲ್ಲ. ಎರಡು ವಸ್ತುಗಳು ಎದುರುಬದುರಾದಾಗ ಯಾವುದು ಎಲ್ಲಿ ನಿಂತಿದೆ, ನೋಡುವವನು ಯಾವ ಕಡೆಯಿಂದ ನೋಡುತ್ತಿದ್ದಾನೆ ಎಂಬುದನ್ನು ಇವೇ ಹೇಳುವುದು. ಅದಕ್ಕೂ ಮುಖ್ಯವಾಗಿ, ಹೋಲಿಕೆಯ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂದು ಹೆಸರು ಹೇಳಿಸುವುದು ಇವೇ.

ಮಕ್ಕಳು ಇಲ್ಲಿ ತಪ್ಪುವ ರೀತಿಯನ್ನು ಗಮನಿಸಿ ನೋಡಿದರೆ ಅವರ ಮೇಲೆ ಗೌರವ ಹೆಚ್ಚುತ್ತದೆ. ‘ಐ ಪ್ರಿಫರ್ ಟೀ ದ್ಯಾನ್ ಕಾಫಿ’ ಎಂದು ಬರೆದ ಹುಡುಗಿ ತಿಳಿಯದೆ ಬರೆದದ್ದಲ್ಲ. ಕಾಫಿಗಿಂತ ಟೀ ಇಷ್ಟ ಎಂಬ ಒಳ್ಳೆಯ ಕನ್ನಡ ಅವಳ ತಲೆಯಲ್ಲಿದೆ. ಗಿಂತ ಎಂದರೆ ದ್ಯಾನ್ ಎಂದು ನಾವೇ ಹೇಳಿಕೊಟ್ಟಿದ್ದೇವೆ. ಹೇಳಿಕೊಟ್ಟಿದ್ದನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಾಳೆ. ಅವಳಿಗೆ ಕೆಂಪು ಗೆರೆ ಎಳೆದು ಟು ಎಂದು ತಿದ್ದಿಕೊಟ್ಟರೆ ಅವಳ ಪಾಲಿಗೆ ಅದು ಕಾರಣವಿಲ್ಲದ ಅಪ್ಪಣೆ. ಅದರ ಬದಲು ಪ್ರಿಫರ್ ಎಂಬುದು ಲ್ಯಾಟಿನ್ನಿನಲ್ಲಿ ‘ಮುಂದಕ್ಕೆ ಒಯ್ಯುವುದು’ ಎಂಬ ಅರ್ಥದ ಪದ ಎಂದು ಹೇಳಿದರೆ ಮುಖವೇ ಬದಲಾಗುತ್ತದೆ. ಕಾಫಿ ಲೋಟ ಇಲ್ಲಿದೆ, ಟೀ ಲೋಟವನ್ನು ಎತ್ತಿ ಅದಕ್ಕಿಂತ ಮುಂದೆ ಇಟ್ಟೆ. ಟೀಯನ್ನು ಕಾಫಿಗೆ ಮುಂದು ಮಾಡಿದೆ. ಆ ‘ಗೆ’ಯೇ ಟು. ಮೇಜಿನ ಮೇಲೆ ಎರಡು ಡಸ್ಟರ್ ಇಟ್ಟು ಒಂದನ್ನು ಮುಂದೆ ಸರಿಸಿ ತೋರಿಸಿದರೆ ಹಿಂದಿನ ಬೆಂಚಿಗೂ ತಿಳಿಯುತ್ತದೆ.

ಸುಪೀರಿಯರ್‌ನ ಕಥೆ ಇನ್ನೂ ಹಳೆಯದು. ಅದು ಇಂಗ್ಲಿಷಿಗೆ ಬರುವ ಮೊದಲೇ ತರತಮ ಭಾವವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬಂದ ಪದ. ಲ್ಯಾಟಿನ್ನಿನಲ್ಲಿ ‘ಸೂಪೆರುಸ್’ ಎಂದರೆ ಮೇಲಿನದು, ಸುಪೀರಿಯರ್ ಎಂದರೆ ಇನ್ನೂ ಮೇಲಿನದು. ಇನ್‌ಫೀರಿಯರ್ ಇನ್ನೂ ಕೆಳಗಿನದು. ಸೀನಿಯರ್ ಇನ್ನೂ ವಯಸ್ಸಾದವನು, ಜೂನಿಯರ್ ಇನ್ನೂ ಎಳೆಯನು. ಪ್ರಯರ್ ಇನ್ನೂ ಮುಂಚಿನದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಶತಮಾನಗಳ ಕಾಲ ಅಲ್ಲಿನ ಅರಮನೆಗೂ ನ್ಯಾಯಸ್ಥಾನಕ್ಕೂ ಫ್ರೆಂಚೇ ಮಾತಾಗಿತ್ತು. ಇಂಥ ಪದಗಳು ಆ ಫ್ರೆಂಚಿನ ದಾರಿಯಿಂದಲೋ, ಓದುಬಲ್ಲವರ ಲ್ಯಾಟಿನ್ನಿನಿಂದಲೋ ಒಳಗೆ ಬಂದವು. ಫ್ರೆಂಚಿನಲ್ಲಿ ಇವತ್ತಿಗೂ ಸುಪೀರಿಯರ್‌ನ ಜೊತೆಗೆ ಬರುವುದು ‘ಆ’ ಎಂಬ ಪುಟ್ಟ ಪದ. ಅದರ ಅರ್ಥ ಟು. ಇಂಗ್ಲಿಷರ ಸ್ವಂತ ಮನೆಯ ದ್ಯಾನ್ ತನ್ನದೇ ‘ಅರ್’ ಬಾಲದ ಪದಗಳ ಜೊತೆ ನಿಂತಿತು. ಹೊರಗಿನಿಂದ ಬಂದವರು ತಮ್ಮ ಜೊತೆಗಾರನನ್ನು ಕರೆದುಕೊಂಡೇ ಬಂದರು.

ಇದೇ ಗುಂಪಿನ ಮೇಜರ್, ಮೈನರ್‌ಗಳಿಗೆ ಏನಾಯಿತು ನೋಡಿ. ಲ್ಯಾಟಿನ್ನಿನಲ್ಲಿ ಮೈನರ್ ಎಂದರೆ ‘ಇನ್ನೂ ಚಿಕ್ಕದು’. ಯಾವುದಕ್ಕಿಂತ ಚಿಕ್ಕದು ಎಂದು ಕೇಳಲೇಬೇಕಾದ ಪದ ಅದು. ಇಂಗ್ಲಿಷಿಗೆ ಬಂದ ಮೇಲೆ ಆ ಪ್ರಶ್ನೆ ಬಿದ್ದುಹೋಯಿತು. ಈಗ ನಮ್ಮ ಹಳ್ಳಿಗಳಲ್ಲೂ ಹುಡುಗಿ ಇನ್ನೂ ಮೈನರ್ ಅನ್ನುತ್ತಾರೆ, ಮೈನರ್ ಇರಿಗೇಷನ್ ಆಫೀಸು ಎಲ್ಲಿ ಎಂದು ಕೇಳುತ್ತಾರೆ, ಮೇಜರ್ ಆಪರೇಷನ್ ಆಯಿತು ಅನ್ನುತ್ತಾರೆ. ಎದುರಿನವರು ಯಾರೂ ಇಲ್ಲ. ಇಲ್ಲಿ ನಷ್ಟವೇನೂ ಆಗಿಲ್ಲ. ಹದಿನೆಂಟು ವರ್ಷವೆಂದು ಕಾನೂನೇ ಗೆರೆ ಎಳೆದಿರುವುದರಿಂದ ಅರ್ಥ ಖಚಿತವಾಗಿದೆ. ಆದರೆ ಸೀರೆ ಅಂಗಡಿಯ ಬೋರ್ಡಿನಲ್ಲಿ, ಸಿಮೆಂಟ್ ಚೀಲದ ಮೇಲೆ ‘ಸುಪೀರಿಯರ್ ಕ್ವಾಲಿಟಿ’ ಎಂದು ಬರೆದಿರುತ್ತಾರಲ್ಲ, ಅಲ್ಲಿ ಟು ಬಿಟ್ಟುಹೋದದ್ದರಿಂದ ಗಿರಾಕಿಗೆ ನಷ್ಟವಿದೆ. ಯಾವುದಕ್ಕಿಂತ ಮೇಲು? ಹೋದ ವರ್ಷದ ಮಾಲಿಗಿಂತಲೋ, ಪಕ್ಕದ ಅಂಗಡಿಯ ಮಾಲಿಗಿಂತಲೋ? ನನ್ನ ತರಗತಿಯಲ್ಲಿ ಮಕ್ಕಳಿಗೆ ಇಂಥ ಜಾಹೀರಾತುಗಳನ್ನು ಕತ್ತರಿಸಿ ತರಲು ಹೇಳುತ್ತೇನೆ. ಬೆಟರ್, ಫಾಸ್ಟರ್, ವೈಟರ್ ಎಂದು ಬರೆದು ದ್ಯಾನ್ ಬಿಟ್ಟವನ್ನೆಲ್ಲ ಅವರು ಸಾಲಾಗಿ ಅಂಟಿಸಿ, ಪ್ರತಿಯೊಂದರ ಕೆಳಗೂ ದ್ಯಾನ್ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ವ್ಯಾಕರಣ ಪಾಠದಲ್ಲಿ ಅಷ್ಟು ಉತ್ಸಾಹ ಬೇರೆ ಯಾವಾಗಲೂ ಕಂಡದ್ದಿಲ್ಲ.

ತರತಮ ಎಂದೆ. ಈ ಪದವನ್ನು ದಿನಾ ಬಳಸುತ್ತೇವೆ, ತಾರತಮ್ಯ ಮಾಡಬೇಡಿ ಅನ್ನುತ್ತೇವೆ. ಆದರೆ ಅದರೊಳಗೆ ವ್ಯಾಕರಣದ ಎರಡು ಪ್ರತ್ಯಯಗಳೇ ಕೂತಿವೆ ಎಂಬುದು ನೆನಪಿಗೆ ಬರುವುದು ಕಡಿಮೆ. ಸಂಸ್ಕೃತದಲ್ಲಿ ಹೋಲಿಕೆಗೆ ಎರಡು ಜೋಡಿಗಳಿವೆ. ಒಂದು ತರ ಮತ್ತು ತಮ. ಗುರುತರ ಆರೋಪ, ಮಹತ್ತರ ಪಾತ್ರ, ಪ್ರಿಯತಮ ಎಲ್ಲ ಅದರಿಂದ ಬಂದವು. ಇನ್ನೊಂದು ಈಯಸ್ ಮತ್ತು ಇಷ್ಠ. ಕನಿಷ್ಠ, ಗರಿಷ್ಠ, ಶ್ರೇಷ್ಠ, ಜ್ಯೇಷ್ಠ, ಬಲಿಷ್ಠ ಎಲ್ಲ ಈ ಎರಡನೆಯ ಮನೆಯವು. ಈ ಇಷ್ಠವೂ ಇಂಗ್ಲಿಷಿನ ಟಾಲೆಸ್ಟ್, ಸ್ಮಾಲೆಸ್ಟ್‌ಗಳ ಎಸ್ಟ್ ಕೂಡ ಒಂದೇ ಬೇರಿನ ಚಿಗುರುಗಳು. ಈಯಸ್‌ಗೆ ಲ್ಯಾಟಿನ್ನಿನ ಸುಪೀರಿಯರ್‌ನಲ್ಲಿರುವ ಬಾಲವೂ ಇಂಗ್ಲಿಷಿನ ಅರ್ ಎಂಬ ಬಾಲವೂ ದಾಯಾದಿಗಳು. ಕನಿಷ್ಠ ವೇತನ ಎಂದು ಚಳವಳಿಯ ಬ್ಯಾನರಿನಲ್ಲಿ ಬರೆಯುವಾಗಲೂ ಸ್ಮಾಲೆಸ್ಟ್ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವಾಗಲೂ ನಮ್ಮ ಹುಡುಗರು ಬಳಸುವುದು ಒಂದೇ ಪ್ರತ್ಯಯವನ್ನು. ಇದನ್ನು ಹೇಳಿದ ದಿನ ತರಗತಿಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಎದ್ದು, ಹಾಗಾದರೆ ‘ಅತಿ ಶ್ರೇಷ್ಠ’ ಅನ್ನೋದು ತಪ್ಪಾ ಸಾರ್ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಶ್ರೇಷ್ಠವೇ ಎಲ್ಲರಿಗಿಂತ ಮೇಲಾದದ್ದು, ಅದಕ್ಕೆ ಇನ್ನೊಂದು ಅತಿ ಏಕೆ? ಆದರೆ ಷೇಕ್ಸ್‌ಪಿಯರನೂ ಎಸ್ಟ್ ಇದ್ದ ಪದಕ್ಕೇ ಮೋಸ್ಟ್ ಸೇರಿಸಿ ಬರೆದವನು. ಅವನ ಕಾಲದಲ್ಲಿ ಅದು ತಪ್ಪಾಗಿರಲಿಲ್ಲ. ತಪ್ಪೆಂದು ಎಣಿಸಿದವರು 18ನೇ ಶತಮಾನದ ವ್ಯಾಕರಣಕಾರರು.

ತರ ಪ್ರತ್ಯಯದ ನೆಂಟನೂ ಇಂಗ್ಲಿಷಿನಲ್ಲಿ ಅಡಗಿ ಕೂತಿದ್ದಾನೆ. ಅದರ್ ಎಂಬ ಪದದ ಕೊನೆಯ ‘ದರ್’ ಇದೆಯಲ್ಲ, ಅದು ಸಂಸ್ಕೃತದ ಅಂತರ ಎಂಬ ಪದದ ತರಕ್ಕೆ ಬಂಧು. ಎರಡರಲ್ಲಿ ಯಾವುದು ಎಂಬ ಅರ್ಥದ ಕತರಕ್ಕೂ ಇಂಗ್ಲಿಷಿನ ವೆದರ್‌ಗೂ ಅದೇ ಸಂಬಂಧ. ಇದು ತಿಳಿದ ಮೇಲೆ ಅದರ್‌ನ ಮುಂದೆ ದ್ಯಾನ್ ಏಕೆ ಬರುತ್ತದೆ ಎಂಬುದು ಸರಾಗವಾಗಿ ಬಿಡಿಸಿಕೊಳ್ಳುತ್ತದೆ. ಹೊರನೋಟಕ್ಕೆ ಅದರಲ್ಲಿ ಹೋಲಿಕೆಯ ಗುರುತೇನೂ ಕಾಣದಿದ್ದರೂ ಹುಟ್ಟಿನಿಂದ ಅದು ತರತಮದ ಪದವೇ.

ಇನ್ನು ಸೀನಿಯರ್. ಕರ್ನಾಟಕದಲ್ಲಿ ಇಷ್ಟು ಬೇರು ಬಿಟ್ಟ ಲ್ಯಾಟಿನ್ ಪದ ಮತ್ತೊಂದು ಇರಲಾರದು. ಕಾಲೇಜಿನ ಹಾಸ್ಟೆಲಿನಿಂದ ಹಿಡಿದು ವಿಧಾನಸೌಧದ ಕಾರಿಡಾರಿನವರೆಗೂ ಅದು ಓಡಾಡುತ್ತದೆ. ಕನ್ನಡದ ವಿಭಕ್ತಿಗಳ ಜೊತೆ ಸೇರಿ ಅದು ಪಡೆದುಕೊಂಡಿರುವ ಅರ್ಥಗಳನ್ನು ನೋಡಬೇಕು. ವಕೀಲರ ಚೇಂಬರಿನಲ್ಲಿ ಕೂತಿರುವ ಯುವಕ ‘ನಮ್ಮ ಸೀನಿಯರ್ ಹೈಕೋರ್ಟಿಗೆ ಹೋಗಿದ್ದಾರೆ’ ಅನ್ನುತ್ತಾನೆ. ಅಲ್ಲಿ ಸೀನಿಯರ್ ಎಂದರೆ ಗುರು. ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ ಎಂಬ ಹೆಮ್ಮೆಯೂ ಅದರಲ್ಲಿದೆ. ತಾಲ್ಲೂಕು ಕಚೇರಿಯ ಗುಮಾಸ್ತೆ ‘ಅವರು ನನಗೆ ಎರಡು ವರ್ಷ ಸೀನಿಯರ್’ ಎಂದರೆ ಅಲ್ಲಿರುವುದು ಸಂಬಂಧ. ನನಗೆ ಅಣ್ಣನಾಗಬೇಕು, ನನಗೆ ಮಾವನಾಗಬೇಕು ಅನ್ನುವಂತೆ ನನಗೆ ಸೀನಿಯರ್. ಅದೇ ಗುಮಾಸ್ತೆ ಬಡ್ತಿ ತಪ್ಪಿದ ದಿನ ‘ನಾನು ಅವರಿಗಿಂತ ಸೀನಿಯರ್, ಸಾರ್’ ಅನ್ನುತ್ತಾರೆ. ಈಗ ಅದು ಅಳತೆ, ವಾದ, ಹಕ್ಕು. ನಮ್ಮ, ನನಗೆ, ಅವರಿಗಿಂತ: ಷಷ್ಠಿ, ಚತುರ್ಥಿ, ಗಿಂತ. ಇಂಗ್ಲಿಷ್ ಟು ಒಂದರಲ್ಲೇ ಹೇಳುವ ಎರಡು ಮಾತನ್ನು ಕನ್ನಡ ಹೀಗೆ ಬಿಡಿಬಿಡಿಯಾಗಿ ಇಟ್ಟಿದೆ.

ನಮ್ಮವರ ಇಂಗ್ಲಿಷಿನಲ್ಲಿ ‘ಹಿ ಈಸ್ ಎಲ್ಡರ್ ಟು ಮಿ’ ಎಂಬ ವಾಕ್ಯ ಮತ್ತೆ ಮತ್ತೆ ಕೇಳುವುದು ಇದರಿಂದಲೇ ಎಂದು ನನಗನ್ನಿಸುತ್ತದೆ. ಇಂಗ್ಲೆಂಡಿನವರು ಹಾಗೆ ಹೇಳುವುದಿಲ್ಲ, ಓಲ್ಡರ್ ದ್ಯಾನ್ ಮಿ ಅನ್ನುತ್ತಾರೆ. ಆದರೆ ನನಗೆ ದೊಡ್ಡವನು, ನನಗೆ ಅಣ್ಣ ಎಂದು ಹುಟ್ಟಿದಾಗಿನಿಂದ ಹೇಳಿದವರಿಗೆ ಅಲ್ಲಿ ಟು ಬಿಟ್ಟು ಬೇರೆ ಯಾವುದೂ ಸರಿಯೆನಿಸುವುದಿಲ್ಲ. ಸೀನಿಯರ್ ಟು ಎಂಬ ರೂಪವೂ ಪಕ್ಕದಲ್ಲಿ ಬೆಂಬಲಕ್ಕೆ ನಿಂತಿರುತ್ತದೆ.

ಈ ಟು ಹೊತ್ತ ಭಾರವೂ ಸಣ್ಣದಲ್ಲ. ಸರ್ಕಾರಿ ನೌಕರಿಯಲ್ಲಿ ಯಾರು ಯಾರಿಗೆ ಸೀನಿಯರ್ ಎಂದು ಹೇಳುವ ಕಾಗದಕ್ಕೆ ಜ್ಯೇಷ್ಠತಾ ಪಟ್ಟಿ ಎಂದು ಹೆಸರು. ಬಡ್ತಿಯಲ್ಲಿ ಮೀಸಲಾತಿ ಪಡೆದವರ ಜ್ಯೇಷ್ಠತೆ ಎಲ್ಲಿಂದ ಎಣಿಕೆಯಾಗಬೇಕು ಎಂಬ ಪ್ರಶ್ನೆ ಕರ್ನಾಟಕದಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಾಜ್ಯದ 2002ರ ಕಾಯ್ದೆಯ ಮುಖ್ಯ ಭಾಗವನ್ನು ಕೋರ್ಟು 2017ರಲ್ಲಿ ರದ್ದು ಮಾಡಿತು, ಅದರ ಬದಲಿಗೆ ಬಂದ 2018ರ ಕಾಯ್ದೆಯನ್ನು 2019ರಲ್ಲಿ ಎತ್ತಿಹಿಡಿಯಿತು. ಆ ಎರಡು ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಊಟದ ಹೊತ್ತಿನ ಮಾತು ಇದೊಂದೇ ಆಗಿತ್ತು! ಗುಣವಾಚಕಕ್ಕೂ ಒಂದು ಹೆಸರಿಗೂ ನಡುವೆ ನಿಂತ ಎರಡಕ್ಷರದ ಪದದಲ್ಲಿ ಒಬ್ಬರ ಇಡೀ ನೌಕರಿಯ ಕಥೆ ಇರಬಹುದು.

ಡಿಫರೆಂಟ್ ವಿಚಾರಕ್ಕೆ ಬರೋಣ. ಇಂಗ್ಲಿಷ್ ಮಾತಾಡುವವರು ತಮ್ಮತಮ್ಮಲ್ಲೇ ಹೆಚ್ಚು ಜಗಳವಾಡಿರುವುದು ಇಲ್ಲಿ. ಫ್ರಮ್ ಎಲ್ಲ ಕಡೆ ಸಲ್ಲುತ್ತದೆ. ಬ್ರಿಟನ್ನಿನಲ್ಲಿ ಮಾತಿನಲ್ಲಿ ಟು ಕೂಡ ಧಾರಾಳವಾಗಿ ಕೇಳುತ್ತದೆ. ಅಮೆರಿಕದಲ್ಲಿ ದ್ಯಾನ್ ರೂಢಿಯಲ್ಲಿದೆ. ಮೂರೂ ಇಂದು ನಿನ್ನೆಯವಲ್ಲ. ಟು 16ನೇ ಶತಮಾನದಿಂದ, ದ್ಯಾನ್ 17ನೇ ಶತಮಾನದಿಂದ ಬರವಣಿಗೆಯಲ್ಲಿ ಸಿಗುತ್ತವೆ. ಶುದ್ಧಿಯ ಪಕ್ಷದವರ ವಾದ ಇದು: ಡಿಫರ್ ಎಂಬ ಕ್ರಿಯಾಪದಕ್ಕೆ ಫ್ರಮ್ ಬರುತ್ತದೆ, ಆದ್ದರಿಂದ ಡಿಫರೆಂಟ್‌ಗೂ ಫ್ರಮ್ ಮಾತ್ರವೇ ಬರಬೇಕು. ಕೇಳಲು ಸರಿಯೆನಿಸುತ್ತದೆ. ಆದರೆ ಅಕಾರ್ಡ್ ಎಂಬ ಕ್ರಿಯಾಪದಕ್ಕೆ ವಿತ್ ಬಂದರೂ ಅಕಾರ್ಡಿಂಗ್‌ಗೆ ಟು ಬರುತ್ತದಲ್ಲ! ಇಂಗ್ಲಿಷ್ ಬಳಕೆಯ ಬಗ್ಗೆ ದೊಡ್ಡ ಪ್ರಮಾಣಗ್ರಂಥವೆನಿಸಿಕೊಂಡ ನಿಘಂಟನ್ನು 1926ರಲ್ಲಿ ಪ್ರಕಟಿಸಿದ ಎಚ್. ಡಬ್ಲ್ಯು. ಫೌಲರ್, ಡಿಫರೆಂಟ್‌ಗೆ ಫ್ರಮ್ ಬಿಟ್ಟು ಬೇರೇನೂ ಬರಕೂಡದು ಎನ್ನುವುದು ಮೂಢನಂಬಿಕೆ ಎಂದೇ ಬರೆದ. ಬೇರೆ ವಿಷಯಗಳಲ್ಲಿ ಕಟ್ಟುನಿಟ್ಟಿನ ಮನುಷ್ಯ ಅವನು. ಅಂಥವನು ಇಲ್ಲಿ ಬಳಕೆಯ ಪರ ನಿಂತ ಎಂಬುದು ನನಗೆ ಮುಖ್ಯವೆನಿಸುತ್ತದೆ.

ಡಿಫರ್‌ನಲ್ಲೂ ಪ್ರಿಫರ್‌ನಲ್ಲಿರುವ ಅದೇ ‘ಒಯ್ಯು’ ಧಾತುವಿದೆ. ಪ್ರಿಫರ್ ಮುಂದಕ್ಕೆ ಒಯ್ಯುವುದು, ಡಿಫರ್ ಬೇರೆಬೇರೆ ಕಡೆಗೆ ಒಯ್ಯುವುದು. ಒಂದನ್ನು ಇನ್ನೊಂದರಿಂದ ದೂರ ಒಯ್ದರೆ ಫ್ರಮ್ ಸಹಜ. ನಮ್ಮಲ್ಲೂ ‘ಅದರಿಂದ ಭಿನ್ನ’ ಅನ್ನುತ್ತೇವೆ. ಭಿನ್ನವೆಂದರೆ ಒಡೆದದ್ದು, ಆದ್ದರಿಂದ ‘ಇಂದ’ ಬರುತ್ತದೆ. ಆದರೆ ‘ಅದಕ್ಕಿಂತ ಭಿನ್ನ’ ಎಂದೂ ಅಷ್ಟೇ ಸಲೀಸಾಗಿ ಬರೆಯುತ್ತೇವೆ, ‘ಅದಕ್ಕಿಂತ ಬೇರೆ’ ಅನ್ನುತ್ತೇವೆ. ಅಮೆರಿಕದವರ ಡಿಫರೆಂಟ್ ದ್ಯಾನ್ ಮತ್ತು ನಮ್ಮ ಅದಕ್ಕಿಂತ ಬೇರೆ ಎರಡೂ ಒಂದೇ ಮನಸ್ಸಿನ ಕೆಲಸ. ಬೇರೆ ಎಂದ ಕೂಡಲೇ ಮನಸ್ಸು ಒಳಗೊಳಗೇ ಅಳೆಯಲು ಶುರುಮಾಡುತ್ತದೆ. ಬೇರೆಯಾಗಿರುವುದು ಹೆಚ್ಚೋ ಕಡಿಮೆಯೋ ಆಗಿಯೇ ಇರಬೇಕು ಎಂಬಂತೆ ಗಿಂತ ನುಸುಳುತ್ತದೆ. ಈ ಕಾರಣಕ್ಕೆ ನನಗೆ ಫ್ರಮ್ ಮತ್ತು ಇಂದ ಹೆಚ್ಚು ಇಷ್ಟ. ಅವು ದೂರವನ್ನು ಮಾತ್ರ ಹೇಳುತ್ತವೆ, ಎತ್ತರವನ್ನು ಹೇಳುವುದಿಲ್ಲ. ಮನುಷ್ಯರ ಬಗ್ಗೆ, ಜಾತಿ ಧರ್ಮಗಳ ಬಗ್ಗೆ, ಭಾಷೆಗಳ ಬಗ್ಗೆ ಬರೆಯುವಾಗ ಆ ಎಚ್ಚರ ಬೇಕೆಂದು ನನ್ನ ಹಟ.

ತರಗತಿಯಲ್ಲಿ ನಾನು ಇದಕ್ಕೆ ಚಿತ್ರ ಬರೆಯುತ್ತೇನೆ. ಬೋರ್ಡಿನ ಮೇಲೆ ಎರಡು ಚುಕ್ಕಿ. ಒಂದರಿಂದ ಆಚೆಗೆ ಬಾಣ ಹೊರಟರೆ ಫ್ರಮ್, ಒಂದರ ಕಡೆಗೆ ಬಾಣ ಬಂದರೆ ಟು. ಎರಡೂ ಒಂದೇ ಗೆರೆಯ ಮೇಲೆ ಪಕ್ಕಪಕ್ಕ ಕೂತರೆ ವಿತ್. ಎತ್ತರ ತಗ್ಗಿನ ಎರಡು ಗೀಟು ಎಳೆದರೆ ದ್ಯಾನ್. ಬಣ್ಣದ ಸೀಮೆಸುಣ್ಣ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಕಂಪೇರ್ ಟು ಮತ್ತು ಕಂಪೇರ್ ವಿತ್‌ಗಳ ಹಳೆಯ ವ್ಯತ್ಯಾಸ ಈ ಚಿತ್ರದಿಂದಲೇ ತಿಳಿಯುತ್ತದೆ. ಕವಿ ಮುಖವನ್ನು ಚಂದ್ರನಿಗೆ ಹೋಲಿಸುತ್ತಾನೆ. ಮುಖದಿಂದ ಚಂದ್ರನ ಕಡೆಗೆ ಒಂದೇ ಬಾಣ, ಅಲ್ಲಿ ಟು. ರೈತ ಈ ವರ್ಷದ ಮಳೆಯನ್ನು ಹೋದ ವರ್ಷದ ಮಳೆಯೊಂದಿಗೆ ಹೋಲಿಸುತ್ತಾನೆ. ಎರಡೂ ಪಕ್ಕಪಕ್ಕ, ಹೆಚ್ಚುಕಡಿಮೆ ಲೆಕ್ಕಕ್ಕೆ, ಅಲ್ಲಿ ವಿತ್. ನಮ್ಮ ‘ಗೆ’ ಮತ್ತು ‘ಒಂದಿಗೆ’ ಇಲ್ಲಿ ಇಂಗ್ಲಿಷಿನ ಜೊತೆಗೇ ಹೆಜ್ಜೆ ಹಾಕುತ್ತವೆ.

ಕೆಲವು ಪದಗಳು ತಮ್ಮ ಜೊತೆಗಾರನನ್ನು ಕಳೆದುಕೊಂಡು ತಾವೇ ಆ ಕೆಲಸ ಮಾಡುತ್ತಿವೆ. ಲೈಕ್ ಅಂಥದು. 1611ರ ಇಂಗ್ಲಿಷ್ ಬೈಬಲಿನಲ್ಲಿ ಲೈಕ್ ಅನ್‌ಟು ಎಂದು ಮತ್ತೆ ಮತ್ತೆ ಬರುತ್ತದೆ. ಕಾಲಕ್ರಮದಲ್ಲಿ ಅನ್‌ಟು ಉದುರಿತು. ಗುಣವಾಚಕವಾಗಿದ್ದ ಲೈಕ್ ಪ್ರಿಪೊಸಿಷನ್ನೇ ಆಗಿಬಿಟ್ಟಿತು. ನಿಯರ್‌ನ ಕಥೆ ಇನ್ನೂ ಚೆಂದ. ಹಳೆಯ ಇಂಗ್ಲಿಷಿನಲ್ಲಿ ಹತ್ತಿರ ಎಂಬುದಕ್ಕಿದ್ದ ಪದ ‘ನೈ’. ಇನ್ನೂ ಹತ್ತಿರ ಎಂಬುದು ನಿಯರ್. ಎಲ್ಲಕ್ಕಿಂತ ಹತ್ತಿರ ಎಂಬುದು ನೆಕ್ಸ್ಟ್. ಈ ಮೂರೂ ಟಾಲ್, ಟಾಲರ್, ಟಾಲೆಸ್ಟ್‌ನಂಥ ಒಂದೇ ಸರಪಳಿ. ಜನ ಅದನ್ನು ಮರೆತರು, ಇನ್ನೂ ಹತ್ತಿರ ಎಂಬುದೇ ಬರೀ ಹತ್ತಿರವಾಯಿತು, ಅದಕ್ಕೆ ಮತ್ತೆ ಅರ್ ಸೇರಿಸಿ ನಿಯರರ್ ಮಾಡಿಕೊಂಡರು. ಬಸ್ಸಿನಲ್ಲಿ ಕಂಡಕ್ಟರ್ ‘ನೆಕ್ಸ್ಟ್ ಸ್ಟಾಪ್’ ಎಂದಾಗ ಅವರ ಬಾಯಲ್ಲಿ ಬರುವುದು ಎಲ್ಲಕ್ಕಿಂತ ಹತ್ತಿರದ ನಿಲ್ದಾಣ ಎಂಬ ಪೂರ್ತಿ ಅರ್ಥ. ನೆಕ್ಸ್ಟ್‌ನ ಜೊತೆಗೆ ಟು ಇವತ್ತಿಗೂ ಇದೆ. ನೈ ಮಾತ್ರ ಹಳೆಯ ಪದ್ಯಗಳಿಗೆ ಸರಿದುಹೋಯಿತು, ನೇಬರ್ ಎಂಬ ಪದದ ಮೊದಲ ಭಾಗದಲ್ಲೂ ಉಸಿರಾಡುತ್ತಿದೆ. ನೇಬರ್ ಎಂದರೆ ಹತ್ತಿರ ವಾಸ ಮಾಡುವವನು.

ದ್ಯಾನ್‌ಗೂ ಹಾಗೆಯೇ ಒಂದು ಹಿಂದಿನ ಜೀವನವಿದೆ. ದೆನ್ ಮತ್ತು ದ್ಯಾನ್ ಹಳೆಯ ಇಂಗ್ಲಿಷಿನಲ್ಲಿ ಒಂದೇ ಪದ. ಅವುಗಳ ಕಾಗುಣಿತ ಪೂರ್ತಿ ಬೇರೆಯಾದದ್ದು 1700ರ ಸುಮಾರಿಗೆ. ಮಕ್ಕಳು ಅವೆರಡನ್ನು ಕಲಸಿದಾಗ ಅವರು ಮಾಡುತ್ತಿರುವುದು ಇಂಗ್ಲಿಷರೇ ನೂರಾರು ವರ್ಷ ಮಾಡಿದ್ದನ್ನು. ಅದರ ಜೊತೆಗೆ ಹಳೆಯ ಇಂಗ್ಲಿಷಿನಲ್ಲಿ ಇನ್ನೊಂದು ದಾರಿಯೂ ಇತ್ತು. ದ್ಯಾನ್ ಇಲ್ಲದೆ, ಎದುರಿನ ಹೆಸರನ್ನು ಚತುರ್ಥಿ ವಿಭಕ್ತಿಯಲ್ಲಿ ಇಟ್ಟರೆ ಸಾಕಿತ್ತು. ನಮ್ಮ ಗಿಂತವನ್ನು ಬಿಡಿಸಿ ನೋಡಿ: ನನಗೆ, ನನಗಿಂತ, ಅದಕ್ಕೆ, ಅದಕ್ಕಿಂತ, ಮನೆಗೆ, ಮನೆಗಿಂತ. ಗಿಂತ ಹತ್ತಿ ಕೂರುವುದು ಚತುರ್ಥಿಯ ಹೆಗಲ ಮೇಲೆಯೇ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ರೈತನೂ ಕನ್ನಡದ ರೈತನೂ ತಮ್ಮ ಎತ್ತುಗಳನ್ನು ಹೋಲಿಸುವಾಗ ಒಂದೇ ವಿಭಕ್ತಿಗೆ ಕೈಚಾಚಿದ್ದರು.

ಜಗತ್ತಿನ ಭಾಷೆಗಳೆಲ್ಲ ಹೀಗೆ ಜಾಗದ ಮಾತನ್ನೇ ಹೋಲಿಕೆಗೆ ಎರವಲು ಪಡೆಯುತ್ತವೆಯೇ? ಲಿಯಾನ್ ಸ್ಟಾಸೆನ್ ಎಂಬ ಡಚ್ ವಿದ್ವಾಂಸರು 1985ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನೂರಕ್ಕೂ ಹೆಚ್ಚು ಭಾಷೆಗಳನ್ನು ಜೋಡಿಸಿ ನೋಡಿದರು. ಸಂಸ್ಕೃತ, ಹಿಂದಿ, ಟರ್ಕಿಷ್, ಜಪಾನಿ ಭಾಷೆಗಳು ‘ಅದರಿಂದ’ ಅನ್ನುತ್ತವೆ. ಕೆಲವು ‘ಅದಕ್ಕೆ’ ಅನ್ನುತ್ತವೆ, ಕೆಲವು ‘ಅದರ ಮೇಲೆ’ ಅನ್ನುತ್ತವೆ. ಪಶ್ಚಿಮ ಆಫ್ರಿಕದ ಹೌಸಾ, ಯೊರುಬಾದಂಥವು ‘ಅದನ್ನು ಮೀರುತ್ತದೆ’ ಎಂದು ಕ್ರಿಯಾಪದವನ್ನೇ ಬಳಸುತ್ತವೆ. ಇನ್ನು ಕೆಲವು ‘ಇದು ದೊಡ್ಡದು, ಅದು ಚಿಕ್ಕದು’ ಎಂದು ಎರಡು ವಾಕ್ಯ ಹೇಳಿ ಬಿಡುತ್ತವೆ. ನಮ್ಮ ಪಕ್ಕದ ತಮಿಳು ‘ಅದೈ ವಿಡ’ ಅನ್ನುತ್ತದೆ, ಅಕ್ಷರಶಃ ಅದನ್ನು ಬಿಟ್ಟು ಎಂದು. ಗುಣ ಹೇಳುವ ಪದಗಳು ಎಲ್ಲ ಭಾಷೆಗಳಲ್ಲೂ ಒಂದೇ ಬಗೆಯವಲ್ಲ ಎಂಬುದನ್ನು ನಮ್ಮ ಡಿ.ಎನ್. ಶಂಕರ ಭಟ್ಟರು 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಇಡೀ ಪುಸ್ತಕವಾಗಿ ಬರೆದರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಅವರು ಹಿಡಿದ ಹಟ ನಮಗೆಲ್ಲ ಗೊತ್ತಿರುವುದೇ. ಇಂಗ್ಲಿಷ್ ಮೇಷ್ಟ್ರುಗಳಿಗೂ ಅದರಿಂದ ಪಾಠವಿದೆ. ಮಗುವಿನ ಕನ್ನಡವನ್ನು ಮೊದಲು ಗೌರವದಿಂದ ನೋಡಿದರೆ ಅದರ ಇಂಗ್ಲಿಷ್ ಎಲ್ಲಿ ತಿರುವು ತೆಗೆದುಕೊಂಡಿತು ಎಂಬುದು ಕಾಣುತ್ತದೆ.

ವರ್ತ್ ಎಂಬ ಪದವನ್ನು ಬೇಕೆಂದೇ ಇಲ್ಲಿಯವರೆಗೆ ತಡೆದಿದ್ದೆ. ಅದೂ ಗುಣವಾಚಕ, ಆದರೆ ಅದಕ್ಕೆ ಟು ಬೇಡ, ಫ್ರಮ್ ಬೇಡ, ವಿತ್ ಬೇಡ. ಬೆಲೆಯನ್ನು ನೇರವಾಗಿ ಹಿಡಿದುಕೊಳ್ಳುತ್ತದೆ. ಇಂಗ್ಲಿಷ್ ನಮ್ಮ ತರಗತಿಗಳಿಗೆ ಬರಲು ಕಾರಣವಾದ ಹೋಲಿಕೆ ನಡೆದದ್ದು ಈ ಪದದಿಂದ. 1835ರ ಫೆಬ್ರವರಿ 2ರಂದು ಮೆಕಾಲೆ ಬರೆದ ಟಿಪ್ಪಣಿಯಲ್ಲಿ, ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದೇ ಒಂದು ಕಪಾಟಿನ ಸಾಲು ಭಾರತ ಮತ್ತು ಅರಬ್ ದೇಶಗಳ ಇಡೀ ಸಾಹಿತ್ಯದ ಬೆಲೆಗೆ ಸಾಟಿ ಎಂಬ ಮಾತಿದೆ. ಅದೇ ಟಿಪ್ಪಣಿಯಲ್ಲಿ ತನಗೆ ಸಂಸ್ಕೃತವಾಗಲಿ ಅರೇಬಿಕ್ ಆಗಲಿ ಬಾರದೆಂದೂ ಅವನೇ ಹೇಳಿಕೊಂಡಿದ್ದಾನೆ. ಆ ಭಾಷೆಗಳ ವಿದ್ವಾಂಸರನ್ನು ಕೇಳಿದ್ದೇನೆ, ಅನುವಾದಗಳನ್ನು ಓದಿದ್ದೇನೆ ಎಂಬುದು ಅವನ ಸಮರ್ಥನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡುವ ವಿತ್ ಅಲ್ಲಿ ನಡೆಯಲೇ ಇಲ್ಲ. ದೂರವನ್ನಷ್ಟೇ ಹೇಳಿ ಸುಮ್ಮನಾಗುವ ಫ್ರಮ್ ಕೂಡ ನಡೆಯಲಿಲ್ಲ. ನೇರವಾಗಿ ಬೆಲೆ ಕಟ್ಟಲಾಯಿತು. ಆ ಬೆಲೆಪಟ್ಟಿಯ ನೆರಳಿನಲ್ಲಿ ನಮ್ಮ ಎಷ್ಟೋ ತಲೆಮಾರು ಓದಿದೆ. ಹಳ್ಳಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಕಾಲೇಜಿನಲ್ಲಿ ನನಗೆ ಇನ್‌ಫೀರಿಯಾರಿಟಿ ಅಂದರೆ ನಾನು ಕೇಳುವುದು ಒಂದೇ ಪ್ರಶ್ನೆ: ಯಾರಿಗೆ? ಆ ಟು ಎಲ್ಲಿ? ಹೆಸರು ಹೇಳು. ಇಂಥವನಿಗಿಂತ ಇಂಥ ವಿಷಯದಲ್ಲಿ ನನಗೆ ಕಡಿಮೆ ಗೊತ್ತು ಎಂದು ಅವನು ಬಿಡಿಸಿ ಹೇಳುವ ಹೊತ್ತಿಗೆ, ಕಲಿಯಬೇಕಾದದ್ದು ಏನು ಎಂಬ ಪಟ್ಟಿ ತಯಾರಾಗಿರುತ್ತದೆ. ಕೀಳರಿಮೆಗೆ ಪಟ್ಟಿ ಇರುವುದಿಲ್ಲ.

ನಾವು ಹುಡುಗರಾಗಿದ್ದಾಗ ಈ ನಿಯಮಗಳನ್ನೆಲ್ಲ ಕಲಿತದ್ದು ರೆನ್ ಮತ್ತು ಮಾರ್ಟಿನ್ ಅವರ ಕೆಂಪು ರಟ್ಟಿನ ವ್ಯಾಕರಣದಿಂದ. ಪಿ.ಸಿ. ರೆನ್ ಆಗಿನ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ ಇಂಗ್ಲಿಷ್‌ನವನು, ಧಾರವಾಡ ಬೆಳಗಾವಿಗಳೂ ಆ ಪ್ರಾಂತ್ಯದಲ್ಲೇ ಇದ್ದವು. 1924ರಲ್ಲಿ ಬಂದ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯಿಂದ ಹೆಸರಾದವನೂ ಅವನೇ. 1930ರ ದಶಕದ ಆ ವ್ಯಾಕರಣ ಇವತ್ತಿಗೂ ಅಂಗಡಿಗಳಲ್ಲಿ ಸಿಗುತ್ತದೆ. ಸುಪೀರಿಯರ್, ಇನ್‌ಫೀರಿಯರ್, ಸೀನಿಯರ್, ಜೂನಿಯರ್, ಪ್ರಯರ್‌ಗಳಿಗೆ ಟು ಬರುತ್ತದೆ ಎಂದು ಅದು ಚೊಕ್ಕವಾಗಿ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ನಿಯಮದ ಪುಸ್ತಕಕ್ಕೆ ಅಷ್ಟು ಸಾಕು. ಏಕೆ ಎಂಬುದು ಮೇಷ್ಟ್ರ ಕೆಲಸ.

ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಯಲ್ಲಿ ಡಿಫರೆಂಟ್‌ನ ಮುಂದೆ ಟು ಬರೆದ ಮಗುವಿಗೆ ಅಂಕ ಕೊಡಬೇಕೆಂದು ನಾನು ಸಹೋದ್ಯೋಗಿಗಳ ಜೊತೆ ವಾದಿಸುತ್ತೇನೆ, ಫೌಲರನನ್ನು ಸಾಕ್ಷಿಗೆ ಕರೆಯುತ್ತೇನೆ. ದ್ಯಾನ್ ಬರೆದವರಿಗೂ ಕೊಡಬಹುದು, ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಅದನ್ನೇ ಶಾಲೆಯಲ್ಲಿ ಕೇಳಿ ಬೆಳೆಯುತ್ತಾರೆ. ಸೀನಿಯರ್ ದ್ಯಾನ್ ಬರೆದರೆ ಮಾತ್ರ ಅಂಕ ಕಳೆಯುತ್ತೇನೆ, ಕಾರಣ ಹೇಳಿಯೇ ಕಳೆಯುತ್ತೇನೆ. ಲೈಕ್‌ನಿಂದ ಅನ್‌ಟು ಉದುರಿದ ಹಾಗೆ ಸೀನಿಯರ್‌ನಿಂದ ಟು ಉದುರುವ ಕಾಲ ಬರಬಹುದೇ ಎಂದು ಒಮ್ಮೆ ಶಿಕ್ಷಕರ ಕೊಠಡಿಯಲ್ಲಿ ಮಾತು ಬಂತು. ಬೇಗ ಬರಲಾರದು ಎಂದು ನನ್ನ ಅಂದಾಜು. ಲೈಕ್ ಬೀದಿಯ ಮಾತಿನಲ್ಲಿ ಬೆಳೆದ ಪದ, ಅದನ್ನು ಕಾಯುವವರು ಯಾರೂ ಇರಲಿಲ್ಲ. ಸೀನಿಯರ್ ಟು ಕಡತಗಳಲ್ಲಿ, ತೀರ್ಪುಗಳಲ್ಲಿ, ಬಡ್ತಿಯ ಆದೇಶಗಳಲ್ಲಿ ಕೂತಿದೆ. ಅಲ್ಲಿ ಒಂದು ಪ್ರಿಪೊಸಿಷನ್ ಬದಲಿಸಲೂ ಯಾರಾದರೂ ರುಜು ಹಾಕಬೇಕಾಗುತ್ತದೆ.